ಕಪ್ಪು ಬಣ್ಣದ ಕೆಳಗೆ ಕೆಂಪು

ಮಂಗಳವಾರ ಬೆಳಿಗ್ಗೆ ಬಂದರಿನ ಕಾವಲುಗಾರ ಏದುಸಿರು ಬಿಡುತ್ತಾ ಠಾಣೆಗೆ ಬಂದ. ಯುದ್ಧಕಾಲದಲ್ಲಿ ಶತ್ರುಗಳ ಟಾರ್ಪೆಡೊ ಬಡಿದು ಸಿಬ್ಬಂದಿ ಸಮೇತ ಮುಳುಗಿದ ಸರಕು ಹಡಗಿನ ಸ್ಮಾರಕಕ್ಕೆ ಯಾರೋ ಉಳಿ ಹಾಕಿದ್ದರು. ಸತ್ತವರಲ್ಲಿ ಒಬ್ಬನ ಹೆಸರು ಕೆತ್ತಿ ತೆಗೆದು, ಪಕ್ಕದಲ್ಲೇ ಸೊಟ್ಟಸೊಟ್ಟಗೆ ಬೇರೆ ಹೆಸರು ಕೆತ್ತಿ ಕಪ್ಪು ಬಣ್ಣ ತುಂಬಿದ್ದರು.

“ಸಂಜೆ ಕಲ್ಲುಕುಟಿಗನನ್ನ ಕರೆಸಿ ಸರಿ ಮಾಡಿಸ್ತಾರಂತೆ ಸಾರ್, ಅಷ್ಟರಲ್ಲಿ ನೋಡ್ಕೊಂಡ್ಬಿಡಿ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಪಂಚನಾಮೆ ನಡೆಯುವಾಗ ಹೊಸ ಅಕ್ಷರವನ್ನು ಉಗುರಿನಿಂದ ಕೆರೆದು ನೋಡಿದರು. ಕಪ್ಪು ಬಣ್ಣದ ಕೆಳಗೆ ಕೆಂಪು ಕಂಡಿತು.

“ತುಕ್ಕು ಹಿಡೀದೆ ಇರ್ಲಿ ಅಂತ ಕಬ್ಬಿಣಕ್ಕೆ ಹೊಡೆಯೋ ಬಣ್ಣ ಅಲ್ವೇನಯ್ಯಾ ಇದು?”

“ಕಲ್ಲಿಗೆಲ್ಲಿಯ ತುಕ್ಕು ಸಾರ್!” ಕಾನ್‌ಸ್ಟೆಬಲ್ ನಕ್ಕ.

“ದಿನಾ ಹಡಗಿಗೆ ಬಣ್ಣ ಹೊಡೆಯೋನ ಕೈಗೆ ಅಭ್ಯಾಸ ಆಗ್ಬಿಟ್ಟಿರುತ್ತೆ. ನಡಿ, ಹಡಗು ರಿಪೇರಿ ಯಾರ್ಡಿಗೆ.”

ಹೊಸ ಹೆಸರು ಹೇಳಿದ್ದೇ ತಡ, ಯಾರ್ಡಿನ ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ. “ಅದು ನಮ್ಮ ಪೇಂಟರಣ್ಣನ ಹೆಸರು! ಗುಂಡುಕಲ್ಲಿನ ಹಾಗಿದ್ದಾನೆ, ಅವನನ್ನ ಯಾಕೆ ಸಾಯಿಸ್ತೀರಿ ಸಾರ್?”

ಪೇಂಟರ್ ಮನೆಯಲ್ಲಿ ತನ್ನ ಮುದಿ ತಾಯಿಗೆ ಹಾಲು ಕುಡಿಸುತ್ತಿದ್ದ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

“ನಿನ್ನ ಹೆಸರನ್ನೇ ಯಾಕೆ ಕೆತ್ತಿದೆ?”

“ಅದು ನನ್ನ ತಮ್ಮನದು ಸ್ವಾಮಿ. ಆ ಹಡಗಲ್ಲಿ ಕೆಲಸ ಸಿಕ್ಕಿದ್ದು ನಂಗೆ, ಹತ್ತೋ ದಿನ ಜ್ವರ ಬಂತು. ನನ್ನ ಹೆಸರು ಹೇಳ್ಕೊಂಡು ಅವನು ಹೋದ. ಮುಳುಗಿದ್ದು ಅವನು, ಕಲ್ಲಿನ ಮೇಲೆ ಬಿದ್ದಿದ್ದು ನನ್ನ ಹೆಸರು. ಯುದ್ಧದ ಕಾಲ, ಸುಳ್ಳು ಗೊತ್ತಾದ್ರೆ ಜೈಲು. ಬಾಯಿ ಮುಚ್ಕೊಂಡು ಅವನ ಹೆಸರಲ್ಲೇ ಬದುಕ್ಬಿಟ್ಟೆ.”

“ಈಗ್ಯಾಕೆ ನೆನಪಾಯ್ತು?”

“ಕಿರಿಮಗನ ಹೆಸರು ಒಂದ್ಸಲ ಮುಟ್ಟಿಸೋ ಅಂತ ಅಮ್ಮ ಹಠ ಹಿಡಿದ್ಲು. ಬಣ್ಣ ಒಣಗ್ಲಿ ಅಂತ ಕಾಯ್ತಿದ್ದೆ.”

ಇನ್‌ಸ್ಪೆಕ್ಟರ್ ಮುದುಕಿಯತ್ತ ನೋಡಿದರು. ಆದರೂ ಕೆಲಸ ಕೆಲಸವೇ, ಅವನನ್ನು ಬಂಧಿಸಿದರು. ಜೀಪಿನಲ್ಲಿ ತಾಯಿಯನ್ನೂ ಕೂರಿಸಿಕೊಂಡು ಮೊದಲು ಬಂದರಿಗೆ ಹೋದರು.

ಕಾನ್‌ಸ್ಟೆಬಲ್ ಮುದುಕಿಯ ಬೆರಳುಗಳನ್ನು ಹೆಸರಿನ ಮೇಲಿಟ್ಟ. ಅವಳು ಮಗುವಿನ ಕೆನ್ನೆ ಸವರುವಂತೆ ಸವರಿದಳು. ಪಕ್ಕದಲ್ಲಿ ಹಳೆ ಹೆಸರು ಕೆತ್ತಿ ತೆಗೆದ ಹಳ್ಳಕ್ಕೆ ಕೈ ತಾಗಿತು.

“ದೊಡ್ಡೋನೇ, ನಿನ್ನ ಹೆಸರೆಲ್ಲೋ?”

“ತೆಗೆದುಬಿಟ್ಟೆ ಕಣಮ್ಮ. ನಾನು ಸತ್ತಿಲ್ವಲ್ಲ.”

ಅಷ್ಟರಲ್ಲಿ ಕಲ್ಲುಕುಟಿಗ ಉಳಿ ಹಿಡಿದು ಬಂದ. ಇನ್‌ಸ್ಪೆಕ್ಟರ್ ಅಡ್ಡ ನಿಂತರು.

“ಇದು ಸಾಕ್ಷ್ಯ ಕಣಯ್ಯಾ. ಕೇಸು ಮುಗಿಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ.”

ಕೇಸು ಎಷ್ಟು ವರ್ಷ ಎಳೆಯುತ್ತದೆಂದು ಕಾನ್‌ಸ್ಟೆಬಲ್‌ಗೆ ಚೆನ್ನಾಗಿ ಗೊತ್ತಿತ್ತು. ಅವನು ಬೇರೆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.