ಕೈ ಬಿಟ್ಟಿದ್ದು ಯಾರು?

"ನೀನಾ...?!"

ಬಾಯಿಂದ ಬಂದೇ ಹೋಯಿತು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಹನ್ನೊಂದು ತಿಂಗಳಿಂದ ಯಾರ ಮುಖ ನೋಡಬಾರದು ಅಂತ ಹಟ ಹಿಡಿದಿದ್ದಳೋ, ಅವನೇ ಡಾಕ್ಟರಮ್ಮನ ಕೋಣೆಯ ಹೊರಗೆ ಕೂತಿದ್ದ! ಇದ್ದದ್ದೇ ಮೂರು ಕುರ್ಚಿ. ನಡುವಿನದನ್ನೇ ಹಿಡಿದಿದ್ದ ಮಹಾರಾಯ. ಎಲ್ಲಿ ಕೂತರೂ ಅವನ ಪಕ್ಕವೇ.

"ಕತ್ತರಿ..." ಎದ್ದು ನಿಂತ ಅವನು.

ಬಟ್ಟೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೆ. ಎರಡನೇ ಮಹಡಿಯಲ್ಲಿ ಕೂತು ಉದ್ದದ ಪ್ಯಾಂಟು ಗಿಡ್ಡ ಮಾಡುವವಳು, ದೊಗಲೆ ಅಂಗಿ ಬಿಗಿ ಮಾಡುವವಳು ಅವಳು. ಅವನು ಪ್ಯಾಕಿಂಗ್ ಕೌಂಟರಿನವನು. ಅವನು ಹಾಕಿದ ಗಂಟು ಬಿಚ್ಚಲು ಗಿರಾಕಿಗಳಿಗೆ ಹಲ್ಲೇ ಬೇಕಾಗುತ್ತಿತ್ತು. ಅದಕ್ಕೆ ಅವಳು ಅವನಿಗಿಟ್ಟ ಹೆಸರು ಗಂಟು. ಎರಡು ವರ್ಷ ಪ್ರೀತಿ. ಎರಡೂ ಮನೆಯವರು ಒಪ್ಪಿಯಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬೆಂಕಿ ಬಿತ್ತು.

"ನೀವು ಇಲ್ಲೇನು ಮಾಡ್ತಿದ್ದೀರಿ?" ಅಂದಳು.

ನೀವು! ಎರಡು ವರ್ಷ 'ಲೋ ಗಂಟು' ಅಂದ ಬಾಯಲ್ಲಿ ನೀವು. ಅವನಿಗೆ ನೋವಾಯಿತು. ಆಗಲಿ ಅಂತಲೇ ಅಂದಿದ್ದಳು.

"ನನ್ನ ಚಿಕಿತ್ಸೆ ಮುಗಿದು ಆರು ತಿಂಗಳಾಯ್ತು. ಒಂದು ಸಲ ಬಂದು ತೋರಿಸ್ಕೊಂಡು ಹೋಗಿ ಅಂದಿದ್ರು."

"ಎಷ್ಟು ವಾರಕ್ಕೆ ಮುಗೀತು?"

"ಒಂಬತ್ತು."

"ನನಗೆ ಇವತ್ತು ಹತ್ತೊಂಬತ್ತನೇ ವಾರ." ಅವಳು ಗೋಡೆಗೆ ಒರಗಿದಳು. ಎಷ್ಟು ಸುಸ್ತಾಗಿತ್ತೆಂದರೆ ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಇರಲಿಲ್ಲ. "ಕೈ ಬಿಟ್ಟವರಿಗೆ ಬೇಗ ವಾಸಿಯಾಗುತ್ತೆ, ಬಿಡಿ."

ಅಷ್ಟರಲ್ಲಿ ಒಳಗಿನಿಂದ ಅವಳಿಗೆ ಕರೆ ಬಂತು.

*

ಡಾಕ್ಟರಮ್ಮ ಮಾತ್ರೆ ಕೊಡುವವರಲ್ಲ. ಮನಸ್ಸಿಗೆ ಬಿದ್ದ ಪೆಟ್ಟಿಗೆ ಮಾತಿನಲ್ಲೇ ಚಿಕಿತ್ಸೆ ಮಾಡುವವರು. ಕಣ್ಣು ಮುಚ್ಚಿ, ಆವತ್ತು ನಡೆದದ್ದನ್ನು ಈಗ ನಡೆಯುತ್ತಿರುವ ಹಾಗೆ ಹೇಳಬೇಕು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಕೇಳುತ್ತಾ ಕೇಳುತ್ತಾ ಭಯ ಸವೆಯುತ್ತದೆ ಅನ್ನುತ್ತಿದ್ದರು. ಇವಳದು ಸವೆದಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ಕಾದ ವಾಸನೆ ಬಂದರೆ ಈಗಲೂ ಮನೆಯಿಂದ ಹೊರಗೆ ಓಡುತ್ತಿದ್ದಳು. ಪಾಪ, ಅತ್ತಿಗೆ ಪಕ್ಕದ ಮನೆಗೆ ಹೋಗಿ ಇಸ್ತ್ರಿ ಮಾಡಿಕೊಂಡು ಬರುತ್ತಿದ್ದಳು.

"ಯಾರೂ ಸಾಯಲಿಲ್ಲ, ಯಾರಿಗೂ ಕೈಕಾಲು ಹೋಗಲಿಲ್ಲ. ಇನ್ನೂ ಎಷ್ಟು ದಿನ ಹೀಗೆ?" ಅಂತ ಅಣ್ಣ ಮೊನ್ನೆ ಕೇಳಿದ್ದ. ಬೈದದ್ದಲ್ಲ, ಅವನಿಗೂ ಸಾಕಾಗಿತ್ತು.

"ಈ ವಾರ ಎಷ್ಟು?" ಡಾಕ್ಟರಮ್ಮ ಕೇಳಿದರು. ಸೊನ್ನೆ ಅಂದರೆ ನೆಮ್ಮದಿ, ಹತ್ತು ಅಂದರೆ ತಡೆಯಲಾಗದ ಸಂಕಟ.

"ಏಳು. ಯಾವಾಗಲೂ ಏಳೇ. ಮೇಡಂ... ಕೆಲವರಿಗೆ ಒಂಬತ್ತು ವಾರಕ್ಕೆ ವಾಸಿಯಾಗುತ್ತಂತೆ. ನನಗ್ಯಾಕೆ ಆಗಲ್ಲ? ನಾನೇನು ಅಷ್ಟು ದಡ್ಡಿನಾ?"

"ಇದು ಪರೀಕ್ಷೆ ಅಲ್ಲಮ್ಮ, ಫಸ್ಟ್ ಕ್ಲಾಸ್ ಬರೋದಕ್ಕೆ. ಬೇರೆಯವರ ವಿಷಯ ನಾನು ಹೇಳೋ ಹಾಗಿಲ್ಲ. ನಿಮ್ಮದು ಕೇಳಿ. ನೀವು ಬಂದಿದ್ದೇ ಆರೇಳು ತಿಂಗಳು ತಡವಾಗಿ. ರಾತ್ರಿ ಮೂರು ಗಂಟೆ ನಿದ್ದೆ ಬಂದರೆ ಹೆಚ್ಚು. ಬೆಂಕಿ ಬೀಳೋದಕ್ಕೆ ಎರಡು ತಿಂಗಳ ಮುಂಚೆಯಷ್ಟೇ ಅಮ್ಮನನ್ನ ಕಳಕೊಂಡಿದ್ದಿರಿ, ಆ ಗಾಯದ ಮೇಲೇ ಇದು ಬಿತ್ತು. ಮನೇಲಿ ರೆಕಾರ್ಡಿಂಗ್ ಕೇಳ್ತೀರಾ?"

"...ಅರ್ಧ."

"ಎಲ್ಲಿ ನಿಲ್ಲಿಸ್ತೀರಿ?"

"ಮೆಟ್ಟಿಲ ತಿರುವಿನಲ್ಲಿ. ಅಲ್ಲೇ ಅವನು ಕೈ ಬಿಟ್ಟಿದ್ದು. ಅದಾದ ಮೇಲೆ ಕೇಳೋದಕ್ಕೇನಿದೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇನ್ನೊಂದು ಇದೆ. ಯಾರನ್ನಾದರೂ ಹಿಡಿದು ದೂರ್ತಾ ಕೂತರೂ ವಾಸಿಯಾಗೋದು ತಡ. ಅವರದ್ದೇ ತಪ್ಪಿರಬಹುದು, ಇಲ್ಲದೆಯೂ ಇರಬಹುದು. ಇವತ್ತು ತಿರುವು ದಾಟಿ ಹೋಗೋಣ್ವಾ? ನಾನು ಇಲ್ಲೇ ಇರ್ತೀನಿ."

ಬೇಡ ಅನ್ನಬೇಕೆನಿಸಿತು. ಆದರೆ ಹೊರಗೆ ಕೂತವನ 'ಒಂಬತ್ತು' ಕಿವಿಯಲ್ಲೇ ಇತ್ತು. ಹಟಕ್ಕೆ ಕಣ್ಣು ಮುಚ್ಚಿದಳು.

"ಹೊಗೆ ಬರ್ತಿದೆ... ಎಲ್ಲರೂ ಓಡ್ತಿದ್ದಾರೆ. ಅವನು ಕೆಳಗಿಂದ ಓಡಿ ಬಂದ. ನನ್ನ ಕೈ ಹಿಡ್ಕೊಂಡ. ನಡಿ ನಡಿ ಅಂತಿದ್ದಾನೆ. ಮೆಟ್ಟಿಲು ಇಳೀತಿದ್ದೀವಿ. ತಿರುವು ಬಂತು. ಅವನು ಕೈ... ಕೈ ಬಿಟ್ಟ."

"ಆಮೇಲೆ?"

"ಆಮೇಲೆ ರಸ್ತೆ. ಯಾರೋ ಪುಣ್ಯಾತ್ಮ ನನ್ನ ಹೊತ್ಕೊಂಡು ಬಂದು ಹಾಕಿದ್ದಾನೆ. ಕೆಮ್ಮು. ನೀರು."

"ನಿಮ್ಮ ಕೈ ಯಾಕೆ ಬ್ಯಾಗನ್ನ ಅಷ್ಟು ಬಿಗಿಯಾಗಿ ಹಿಡ್ಕೊಂಡಿದೆ?"

ನೋಡಿದಳು. ಹೌದು, ಬೆರಳು ಬೆಳ್ಳಗಾಗಿದ್ದವು. "ಅಮ್ಮನ ಕತ್ತರಿ ಇದೆ ಇದರಲ್ಲಿ. ಯಾವಾಗಲೂ ಇಟ್ಕೊಂಡಿರ್ತೀನಿ. ರಸ್ತೇಲಿ ಬಿದ್ದಿದ್ದಾಗಲೂ ಕೈಯಲ್ಲೇ ಇತ್ತು, ನರ್ಸ್ ಬಿಡಿಸಿದ್ರು."

"ಮತ್ತೆ ಕಣ್ಣು ಮುಚ್ಚಿ. ಅವರು ಕೈ ಹಿಡಿದು ಮೆಟ್ಟಿಲು ಇಳೀತಿದ್ದಾರೆ. ಆಗ ಕತ್ತರಿ ಎಲ್ಲಿದೆ?"

"ಮೇಜಿನ ಮೇಲೆ. ಪ್ಯಾಂಟಿನ ಅಂಚು ಕತ್ತರಿಸ್ತಿದ್ದೆ, ಅಲ್ಲೇ ಬಿಟ್ಟು..."

ಕಣ್ಣು ತೆರೆದು ಬ್ಯಾಗು ನೋಡಿದಳು.

ಮೇಜಿನ ಮೇಲೆ. ಎರಡನೇ ಮಹಡಿಯಲ್ಲಿ. ಮತ್ತೆ ರಸ್ತೆಯಲ್ಲಿ ಕೈಯಲ್ಲಿ ಹೇಗೆ ಬಂತು...?

ಹನ್ನೊಂದು ತಿಂಗಳು ಹಗಲೂ ರಾತ್ರಿ ಬ್ಯಾಗಿನಲ್ಲಿ ಹೊತ್ತು ತಿರುಗಿದ್ದಳು. ಒಂದು ದಿನವಾದರೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ!

"ಅಮ್ಮನ ಕತ್ತರಿ ಅಂದೆ..." ಬ್ಯಾಗನ್ನು ಎದೆಗೆ ಒತ್ತಿಕೊಂಡಳು. "ಅವನು ಹಾಳಾಗಿ ಹೋಗ್ಲಿ ಬಾ ಅಂದ. ಬಿಡಲಿಲ್ಲ. ಬಿಗಿಯಾಗಿ ಹಿಡಿದಿದ್ದ. ನಾನು... ನಾನು ಪರಚಿದೆ. ಕೈ ಕಿತ್ಕೊಂಡೆ. ಮೇಲೆ ಓಡಿದೆ. ಮೇಡಂ! ಕೈ ಬಿಟ್ಟಿದ್ದು ನಾನು!"

ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರಮ್ಮ ನೀರಿನ ಲೋಟ ಹತ್ತಿರ ಸರಿಸಿದರು. ಅಳು ತಾನಾಗಿ ನಿಲ್ಲುವವರೆಗೂ ಕಾದರು.

"ಅಮ್ಮ ಹೋಗಿ ಎರಡೇ ತಿಂಗಳಾಗಿತ್ತು. ಅವರ ಕೈ ಆಡಿದ ಕತ್ತರಿ ಅದು. ಅದರ ಹಿಂದೆ ಓಡಿದಿರಿ. ಅದು ಅಪರಾಧ ಅಲ್ಲ, ದುಃಖ," ಅಂದರು ಆಮೇಲೆ. "ಈಗ ಎಷ್ಟು?"

"ಒಂಬತ್ತು. ಜಾಸ್ತಿ ಆಯ್ತು..."

"ಆಗಲಿ. ಅಂತೂ ಏಳು ಕದಲಿತು."

*

ಹೊರಗೆ ಅವನು ಅದೇ ಕುರ್ಚಿಯಲ್ಲಿದ್ದ. ಊದಿಕೊಂಡ ಅವಳ ಕಣ್ಣು ನೋಡಿ ಗಾಬರಿಯಿಂದ ಎದ್ದ.

"ಏನಾಯ್ತು? ನೀರು ಬೇಕಾ?"

ಅವಳು ಅವನ ಬಲಗೈ ಹಿಡಿದು ತೋಳಿನ ಗುಂಡಿ ಬಿಚ್ಚಿದಳು. ಮಣಿಕಟ್ಟಿನ ಮೇಲಿಂದ ಮೊಣಕೈವರೆಗೆ ನೆಟ್ಟಗೆ ಒಂದು ಗಾಯದ ಗೆರೆ. ಗಾಜು ತಾಗಿತು ಅಂತ ಅವನು ಊರಿಗೆಲ್ಲ ಹೇಳಿದ್ದ. ಬಟ್ಟೆ ಕತ್ತರಿಸುವವಳಿಗೆ ಕತ್ತರಿಯ ಗೆರೆ ಗೊತ್ತಾಗದೆ ಇರುತ್ತದೆಯೇ?

"ಇದು ನಾನು ಮಾಡಿದ್ದು. ಅಲ್ವಾ?"

ಅವನು ಕೈ ಹಿಂದೆ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಹೊಗೇಲಿ ನಿನಗೆ ನಾನು ಯಾರು ಅಂತಲೇ ಗೊತ್ತಾಗಲಿಲ್ಲ," ಅಂದ ಮೆಲ್ಲಗೆ. "ಎತ್ಕೊಳ್ಳೋಕೆ ಬಂದ್ರೆ ಕತ್ತರಿ ಬೀಸಿದೆ."

"ನೀನು ವಾಪಸ್ ಮೇಲೆ ಬಂದೆ... ಆ ಪುಣ್ಯಾತ್ಮ ನೀನೇನಾ?"

"ಪುಣ್ಯಾತ್ಮ ಅನ್ನೋದೆಲ್ಲ ದೊಡ್ಡ ಮಾತು."

"ಯಾಕೋ ಹೇಳಲಿಲ್ಲ?! ಒಂದೇ ಒಂದು ಮಾತು!"

"ಹೇಳೋಕೇ ಬಂದಿದ್ದೆ. ಮೂರು ಸಲ. ಕೈ ಬಿಟ್ಟವನ ಮುಖ ನೋಡಲ್ಲ ಅಂತ ಒಳಗಿಂದ ನೀನು ಕೂಗಿದ್ದು ಬಾಗಿಲಲ್ಲೇ ಕೇಳಿಸ್ತು. ಊಟ ಇಲ್ಲ, ನಿದ್ದೆ ಇಲ್ಲ ಅಂತ ನಿಮ್ಮ ಅತ್ತಿಗೆ ಅಳ್ತಿದ್ರು. ಆಗ ನಾನು ನಿಜ ಹೇಳಿದ್ರೆ ಆ ತಪ್ಪೆಲ್ಲ ನಿನ್ನ ತಲೆ ಮೇಲೇ ಬೀಳ್ತಿತ್ತು. ನನ್ನ ತಲೆ ಗಟ್ಟಿ ಇದೆ, ಇರಲಿ ಅಂದ್ಕೊಂಡೆ." ಅವನು ಕುರ್ಚಿಗೆ ಕುಸಿದ. "ಸಿಟ್ಟು ಬರಲಿಲ್ಲ ಅಂತಲ್ಲ, ಕತ್ತರಿ. ಬಂತು. ಎಷ್ಟೋ ದಿನ ಬಂತು. ಸಾಕಾಗಿ ಹೋಗಿತ್ತು."

ಅವನಿಗೂ ಸುಸ್ತಾಗಿದೆ... ಅದು ಈಗಷ್ಟೇ ಅವಳ ಕಣ್ಣಿಗೆ ಬಿತ್ತು. ಕಣ್ಣ ಕೆಳಗೆ ಕಪ್ಪು, ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಒಂಬತ್ತು ವಾರಕ್ಕೆ ಎಲ್ಲ ತೊಳೆದುಕೊಂಡು ಹಾಯಾಗಿದ್ದಾನೆ ಅಂತ ಅಂದುಕೊಂಡಿದ್ದಳಲ್ಲ!

"ನಿನಗೆ ಹೇಗೆ ಅಷ್ಟು ಬೇಗ ಆಯ್ತು?"

"ನಮ್ಮಕ್ಕ ಅಡುಗೆ ಮಾಡ್ತಾ ದಿನಾ ನನ್ನ ಜೊತೆ ಆ ರೆಕಾರ್ಡಿಂಗ್ ಕೇಳ್ತಿದ್ದಳು. ಕೊನೆಗೆ ಅವಳಿಗೇ ಬಾಯಿಪಾಠ. ನಾನು ಕೆಮ್ಮೋ ಜಾಗದಲ್ಲಿ ಅವಳೂ ಕೆಮ್ಮೋಳು." ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವನೂ ಸ್ವಲ್ಪ ನಕ್ಕ. "ಮತ್ತೆ... ನನ್ನ ಕಥೆಯ ಕೊನೆ ನನಗೆ ಗೊತ್ತಿತ್ತು. ಕೊನೆಯಲ್ಲಿ ನೀನು ಉಸಿರಾಡ್ತಿದ್ದೆ. ಎಷ್ಟು ಸಲ ಕೇಳಿದರೂ ಉಸಿರಾಡ್ತಿದ್ದೆ. ನಿನ್ನ ಕಥೆ ಮೆಟ್ಟಿಲಲ್ಲೇ ನಿಂತುಹೋಗಿತ್ತು."

ಅವಳು ಅವನ ಕೈಯ ಗೆರೆಯ ಮೇಲೆ ಬೆರಳಿಟ್ಟಳು. ಕ್ಷಮಿಸು ಅನ್ನಬೇಕೆಂದು ಮೂರು ಸಲ ಪ್ರಯತ್ನಿಸಿದಳು. ಮೂರು ಸಲವೂ ಅಳುವೇ ಬಂತು.

"ಒಳಗೆ ಬನ್ನಿ," ಡಾಕ್ಟರಮ್ಮ ಅವನನ್ನು ಕರೆದರು.

"ಇಪ್ಪತ್ತು ನಿಮಿಷ ಆಗುತ್ತೆ," ಅಂದ ಅವನು. "ಕಾಯ್ತೀಯಾ?"

"ಹೋಗೋ. ಇಲ್ಲೇ ಇರ್ತೀನಿ."

*

ಇಪ್ಪತ್ತಲ್ಲ, ನಲವತ್ತು ನಿಮಿಷವಾಯಿತು. ಅವನು ಹೊರಗೆ ಬಂದಾಗ ಅವಳು ನಡುವಿನ ಕುರ್ಚಿಯಲ್ಲೇ ಕೂತಿದ್ದಳು.

ಡಾಕ್ಟರಮ್ಮನ ಕೋಣೆಯಿದ್ದದ್ದೂ ಎರಡನೇ ಮಹಡಿಯಲ್ಲೇ. ಲಿಫ್ಟ್ ಇಲ್ಲ. ಪ್ರತಿ ವಾರ ಗುಡಿಸುವ ಆಯಮ್ಮನನ್ನು ಜೊತೆಗೆ ಕರೆದುಕೊಂಡು, ಗೋಡೆ ಸವರಿಕೊಂಡು ಇಳಿಯುತ್ತಿದ್ದಳು. ಇವತ್ತು ಆಯಮ್ಮ ಪೊರಕೆ ಹಿಡಿದು ಬಂದಾಗ, "ಬೇಡ ಆಯಮ್ಮ, ಇವನಿದ್ದಾನೆ," ಅಂದಳು.

ತಿರುವು ಬಂತು. ಕಾಲು ನಿಂತೇಬಿಟ್ಟಿತು. ಒಂದು ದಿನದಲ್ಲಿ ಯಾರಿಗೂ ವಾಸಿಯಾಗುವುದಿಲ್ಲ, ಅವಳಿಗೂ ಆಗಿರಲಿಲ್ಲ.

ಅವನು ಒಂದು ಮೆಟ್ಟಿಲು ಕೆಳಗೆ ನಿಂತು ಕಾದ. ನಡಿ ನಡಿ ಅನ್ನಲಿಲ್ಲ.

"ಇನ್ನೂ ಎಷ್ಟು ವಾರ ಬೇಕೋ ಗೊತ್ತಿಲ್ಲ ಗಂಟು. ಇಸ್ತ್ರಿ ವಾಸನೆ ಬಂದ್ರೆ ಓಡ್ತೀನಿ. ರಾತ್ರಿ ಕಿರುಚ್ತೀನಿ."

"ಗೊತ್ತು. ಅತ್ತಿಗೆ ಹೇಳಿದ್ದಾರೆ."

"ಆದರೂ... ನನ್ನ ಕೈ ಹಿಡೀತೀಯಾ?"

ಅವಳು ಕೇಳಿದ್ದು ಬರೀ ಮೆಟ್ಟಿಲು ಇಳಿಯುವುದಕ್ಕಲ್ಲ ಅಂತ ಅವನಿಗೆ ಅರ್ಥವಾಯಿತು. ಗಾಯದ ಗೆರೆಯಿದ್ದ ಕೈಯನ್ನೇ ಚಾಚಿದ.

"ನಾನು ಮತ್ತೆ ಕಿತ್ಕೊಂಡು ಓಡಿದ್ರೆ?"

"ಹಿಂದೆ ಬರ್ತೀನಿ ಕಣೇ. ಒಂದು ಸಲ ಬಂದವನಿಗೆ ದಾರಿ ಗೊತ್ತಿರಲ್ವಾ?"