ಮೇಲ್‌ನೊಳಗಿನ ಕಾಣದ ಚುಕ್ಕಿ

ಸೋಮವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ದೂರುದಾರಳು ಪುಸ್ತಕಗಳ ಕರಡು ತಿದ್ದುವ ಕೆಲಸದವಳು. ಇನ್ಸ್‌ಪೆಕ್ಟರ್ ಮೇಡಂ ಮುಂದೆ ಹನ್ನೊಂದು ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಟ್ಟಳು. ಎಲ್ಲವೂ ಆಕೆಯ ಸ್ಕೂಟರಿನ ಸೀಟಿಗೆ ಸಿಕ್ಕಿಸಿದ್ದವು. ‘ಇವತ್ತು ಗ್ರಂಥಾಲಯದಲ್ಲಿ ಕೂತಿದ್ದೀರಿ.’ ‘ಇವತ್ತು ಕಾಲೇಜಿನ ವಾಚನಾಲಯ.’

“ಯಾರ ಮೇಲಾದ್ರೂ ಅನುಮಾನ?”

“ಇಲ್ಲ ಮೇಡಂ. ಎಲ್ಲಿಗೆ ಹೋಗ್ತೀನಿ ಅಂತ ನಮ್ಮಕ್ಕನಿಗೂ ಹೇಳೋದು ಬಿಟ್ಟಿದ್ದೀನಿ. ಹೊರಗೆ ಕಾಲಿಡೋಕೇ ಭಯ. ಕೆಲಸಾನೇ ಬಿಡೋಣ ಅನ್ಸುತ್ತೆ.”

FIR ದಾಖಲಾಯಿತು. ಸ್ಕೂಟರು, ಫೋನು ಎರಡನ್ನೂ ಜಾಲಾಡಿದರೂ ಏನೂ ಸಿಗಲಿಲ್ಲ. ಠಾಣೆಯವರೆಲ್ಲ ‘ಭೂತಗನ್ನಡಿ’ ಎಂದೇ ಕರೆಯುವ ಕಾನ್‌ಸ್ಟೆಬಲ್ ಆಕೆಯ ಲ್ಯಾಪ್‌ಟಾಪ್ ಹಿಡಿದು ಕೂತ. ಚೀಟಿ ಸಿಕ್ಕ ಹನ್ನೊಂದು ದಿನವೂ ಆಕೆ ತೆರೆದಿದ್ದ ಮೇಲ್ ಒಂದೇ: ‘ದಿನಕ್ಕೊಂದು ಪದ’.

“ಯಾರು ಕಳಿಸೋದು?”

“ಗೊತ್ತಿಲ್ಲ. ಒಳ್ಳೊಳ್ಳೆ ಹಳೇ ಪದಗಳಿರ್ತವೆ, ಓದ್ತೀನಿ.”

ಭೂತಗನ್ನಡಿ ತಲೆ ಎತ್ತಿದ. “ಇದರಲ್ಲಿ ಚುಕ್ಕಿಯಷ್ಟು ಚಿಕ್ಕ ಚಿತ್ರವೊಂದು ಅಡಗಿದೆ ಮೇಡಂ, ಕಣ್ಣಿಗೆ ಕಾಣಲ್ಲ. ಮೇಲ್ ತೆರೆದ್ರೆ ಆ ಚಿತ್ರ ಕಳಿಸಿದವನ ಕಡೆಯಿಂದ ಬರ್ಬೇಕು. ಆಗ ಎಷ್ಟೊತ್ತಿಗೆ, ಯಾವ ಇಂಟರ್ನೆಟ್‌ನಿಂದ ತೆರೆದ್ರು ಅಂತ ಅವನಿಗೆ ತಿಳಿದುಹೋಗುತ್ತೆ. ಗ್ರಂಥಾಲಯದ್ದಾದ್ರೆ ಗುರುತು ಹಿಡಿಯೋದು ಸುಲಭ.”

“ಅಂದ್ರೆ ಇವ್ರು ಮೇಲ್ ಓದ್ತಿದ್ರೆ, ಮೇಲ್ ಇವ್ರನ್ನ ಓದ್ತಿತ್ತು,” ಎಂದರು ಇನ್ಸ್‌ಪೆಕ್ಟರ್. “ಇವ್ರು ಇನ್ನೊಂದ್ಸಲ ಓದ್ಲಿ, ಬಿಡು. ನಾವು ಸ್ಕೂಟರ್ ಹತ್ರ ಕಾಯೋಣ.”

ಬುಧವಾರ 11.05ಕ್ಕೆ ಆಕೆ ಗ್ರಂಥಾಲಯದಲ್ಲಿ ಕೂತು ಅಂದಿನ ಮೇಲ್ ತೆರೆದಳು. 11.28ಕ್ಕೆ ಇಸ್ತ್ರಿ ಮಾಡಿದ ಅಂಗಿಯ ಹಿರಿಯರೊಬ್ಬರು ಬಂದು ಹೊರಗೆ ನಿಂತಿದ್ದ ಸ್ಕೂಟರಿನ ಸೀಟಿಗೆ ಚೀಟಿ ಸಿಕ್ಕಿಸಿದರು. ಮಫ್ತಿಯಲ್ಲಿದ್ದ ಇನ್ಸ್‌ಪೆಕ್ಟರ್ ಹಿಂದೆಯೇ ಬಂದು ನಿಂತರು.

“ಕೈ ಹಾಗೇ ಇರ್ಲಿ.”

ಹಿರಿಯರು ಓಡಲಿಲ್ಲ. ಗ್ರಂಥಪಾಲಕ ಮತ್ತು ಕಾವಲುಗಾರನ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಆಕೆ ಯಾವ ಮೇಲ್ ಯಾವಾಗ, ಎಲ್ಲಿ ತೆರೆದಳೆಂಬುದೆಲ್ಲ ಅವರ ಫೋನಿನಲ್ಲಿತ್ತು.

ಆಕೆ ಹೊರಬಂದು ಅವರ ಮುಖ ನೋಡಿದವಳೇ ನಿಂತುಬಿಟ್ಟಳು. “ಸಾರ್, ನೀವಾ?” ಮುದ್ರಣಾಲಯದಲ್ಲಿ ಆಕೆಗೆ ಕರಡು ತಿದ್ದಲು ಕಲಿಸಿದವರು ಅವರೇ. ನಿವೃತ್ತರಾಗಿ ಮೂರು ವರ್ಷವಾಗಿತ್ತು.

ಲ್ಯಾಪ್‌ಟಾಪಿನಲ್ಲಿ ಚಿತ್ರಗಳು ತಾವಾಗಿಯೇ ತೆರೆದುಕೊಳ್ಳದಂತೆ ಭೂತಗನ್ನಡಿ ಮಾಡಿಕೊಟ್ಟ. “ಇನ್ಮೇಲೆ ನೀವು ಹೂಂ ಅಂದ್ರೆ ಮಾತ್ರ ಚಿತ್ರ ಬರುತ್ತೆ.” ಎಷ್ಟೋ ವಾರಗಳ ಮೇಲೆ ಆಕೆ ನಿರಾಳವಾಗಿ ನಕ್ಕಳು. ತಿದ್ದಲು ಇನ್ನೂ ಅರವತ್ತು ಪುಟ ಬಾಕಿಯಿದೆಯೆಂದು ಅಕ್ಕನಿಗೆ ಫೋನು ಮಾಡಿ, ಸಂಜೆ ಎಲ್ಲಿರುತ್ತೇನೆಂದೂ ಹೇಳಿ ಹೊರಟಳು.

1.15ಕ್ಕೆ ಬಂಧನ ದಾಖಲಾಯಿತು.

“ಯಾಕ್ರೀ ಮಾಡಿದ್ರಿ?”

“ನಲವತ್ತು ಜನಕ್ಕೆ ಕಳಿಸ್ತಿದ್ದೆ. ತೆರೀತಿದ್ದವಳು ಅವಳೊಬ್ಬಳೇ. ತೆರೆದಾಗೆಲ್ಲ ಫೋನು ಟಿಣ್ ಅಂತಿತ್ತು. ಮೊದಮೊದಲು ಅಷ್ಟೇ ಸಾಕಿತ್ತು.”

“ಎದುರಿಗೆ ಹೋಗಿ ಮಾತಾಡ್ಬಹುದಿತ್ತಲ್ಲ?”

“ಸಂಕೋಚ.”

“ಅವ್ರಿಗೆ ಪ್ರಾಣಭಯ ಆಗಿತ್ತು.”

ಹಿರಿಯರು ತಮ್ಮ ಹೇಳಿಕೆಯ ಪ್ರತಿಯನ್ನು ಹತ್ತಿರಕ್ಕೆಳೆದು, ‘ಭಯ ಹುಟ್ಟಿಸುವ ಉದ್ದೇಶವಿರಲಿಲ್ಲ’ ಎಂಬ ಸಾಲನ್ನು ತಾವೇ ಹೊಡೆದುಹಾಕಿ, ‘ಭಯ ಹುಟ್ಟಿಸಿದೆ’ ಎಂದು ಬರೆದು ಸಹಿ ಮಾಡಿದರು.