ನಿಸರ್ಗಳ ಎತ್ತರ

"ಅತ್ತೇ, ಬನ್ನಿ ಇಲ್ಲಿ! ಹುಡುಗೀರಲ್ಲಿ ನಾನೇ ಉದ್ದ!" ಗೌತಮಿ ಕುರ್ಚಿಯಲ್ಲಿ ಕೂತಲ್ಲೇ ಕುಣಿದಳು.

ವಸಂತತ್ತೆ ಹಾಸನದ ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಮಾಡುತ್ತಿದ್ದರು. ಭಾನುವಾರ ಬಂತೆಂದರೆ ಹೊಳೆನರಸೀಪುರದ ಮನೆಯಲ್ಲಿ ಅವರ ಕಂಪ್ಯೂಟರು ಗೌತಮಿಯದೇ. ಐದನೇ ಕ್ಲಾಸಿನ ಮಕ್ಕಳ ಎತ್ತರದ ಚಾರ್ಟ್ ಮಾಡಿ ತಾ ಎಂದು ಮಿಸ್ ಹೇಳಿದ್ದೇ ತಡ, ಅವಳು ಅತ್ತೆ ಲೆಕ್ಕಕ್ಕೆ ಬಳಸುವ ‘ಆರ್’ ಎಂಬ ಪ್ರೋಗ್ರಾಮ್ ತೆರೆದು ಎಲ್ಲರ ಹೆಸರು, ಎತ್ತರ ತುಂಬಿಸಿದ್ದಳು.

ಅತ್ತೆ ಕನ್ನಡಕ ಏರಿಸಿ ಪಟ್ಟಿ ನೋಡಿದರು. "ನಿಸರ್ಗ ಎಲ್ಲೇ? ನಿನ್ನ ಪಕ್ಕ ಕೂರೋಳು?"

"ಅವಳಿಗೆ ಅಮ್ಮ ಆಗಿದೆ, ಮೈಯೆಲ್ಲಾ ಗುಳ್ಳೆ. ಅಳತೆ ದಿನ ಬಂದಿರ್ಲಿಲ್ಲ. ಅದಕ್ಕೇ ‘ನಲ್’ ಹಾಕ್ದೆ. ನಲ್ ಅಂದ್ರೆ ಏನೂ ಇಲ್ಲ ಅಂತ ನೀವೇ ಹೇಳಿದ್ರಲ್ಲ."

"ನಲ್ ಹಾಕಿದ್ರೆ ಪಟ್ಟಿಯಿಂದ ಅವಳ ಹೆಸರೂ ಕಿತ್ತು ಹೋಗತ್ತೆ ಕಣೇ."

ಅದು ಗೌತಮಿಗೆ ಗೊತ್ತಿತ್ತು. ಹೆಸರು ಮಾಯವಾದದ್ದನ್ನು ಕಣ್ಣಾರೆ ಕಂಡೂ ಸುಮ್ಮನಿದ್ದಳು. ಹೋದ ವಾರ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ನಾನುದ್ದ ನಾನುದ್ದ ಎಂದು ಜಗಳವಾಡಿ ಠೂ ಬಿಟ್ಟಿದ್ದರು. ನಿಜ ಹೇಳಬೇಕೆಂದರೆ ನಿಸರ್ಗಳೇ ಒಂದು ಬೆರಳು ಹೆಚ್ಚು. ಆ ಒಂದು ಬೆರಳಿನ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು!

"ನಲ್ ಬೇಡ, ‘ಎನ್‌ಎ’ ಹಾಕು," ಎಂದರು ಅತ್ತೆ. "ನಿಸರ್ಗ ಇದ್ದಾಳೆ, ಅವಳ ಎತ್ತರ ಮಾತ್ರ ಗೊತ್ತಿಲ್ಲ ಅಂತ ಅರ್ಥ."

ಗೌತಮಿ ಒಲ್ಲದ ಮನಸ್ಸಿನಿಂದ ಒತ್ತಿದಳು. ಹೆಸರು ವಾಪಸು ಬಂತು. ಆದರೆ ಆವರೇಜ್ ಕೇಳಿದರೆ ನಂಬರೇ ಇಲ್ಲ, ಅಲ್ಲೂ ‘ಎನ್‌ಎ’ ಎಂದು ತೋರಿಸಿತು.

"ಅಯ್ಯೋ, ಉಳಿದೋರದ್ದೆಲ್ಲಾ ಇದೆಯಲ್ಲಾ!"

"ಒಬ್ಬಳದ್ದು ಗೊತ್ತಿಲ್ದೆ ಇಡೀ ಕ್ಲಾಸಿಂದು ಹೇಗೆ ಹೇಳತ್ತೆ? ಅವಳನ್ನ ಬಿಟ್ಟು ಲೆಕ್ಕ ಹಾಕು ಅಂತ ನಾವೇ ಹೇಳ್ಬೇಕು. ಹೇಳ್ಲಾ?"

ಗೌತಮಿ ಕುರ್ಚಿಯಿಂದ ಇಳಿದಳು. "ಬೇಡ, ಇರಿ," ಎಂದು ಚಪ್ಪಲಿ ಮೆಟ್ಟಿ ಓಡಿದಳು.

ನಿಸರ್ಗಳ ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಒಳಗೆ ಹೋಗುವ ಹಾಗಿರಲಿಲ್ಲ. ಬೀದಿಯಲ್ಲೇ ನಿಂತು ಕೂಗಿದಾಗ ನಿಸರ್ಗ ಮಂಚದ ಮೇಲೆ ಎದ್ದು ಕೂತು ಕಿಟಕಿಯಲ್ಲಿ ಮುಖ ತೋರಿಸಿದಳು. ಎಷ್ಟು ಸೊರಗಿದ್ದಳೆಂದರೆ ಗೌತಮಿ ಠೂ ಬಿಟ್ಟದ್ದನ್ನೂ ಮರೆತಳು.

"ಅತ್ರ ಬರ್ಬ್ಯಾಡ ಕಣೇ, ಅಂಟ್ಕತದೆ."

"ನಿನ್ನೆತ್ತರ ಬೇಕು. ಚಾರ್ಟಿಗೆ."

"ಎದ್ ನಿಂತ್ರೆ ತಲೆ ತಿರುಗ್ತದೆ. ನನ್ನ ಬುಟ್ಬುಡು, ಮಿಸ್ಸು ಏನೂ ಅನ್ನಕಿಲ್ಲ."

"ಬಿಡಕ್ಕಾಗಲ್ಲ. ನೀನಿಲ್ದೆ ಕ್ಲಾಸಿನ ಆವರೇಜೇ ಬರ್ತಿಲ್ಲ."

"ಸುಳ್ಳು!"

"ದೇವ್ರಾಣೆ! ಬೇಕಾದ್ರೆ ಅತ್ತೇನ ಕೇಳು."

ನಕ್ಕರೆ ಗುಳ್ಳೆ ನೋಯುತ್ತದೆಂದು ನಿಸರ್ಗ ಕೆನ್ನೆ ಹಿಡಿದುಕೊಂಡು ನಕ್ಕಳು. ಗೌತಮಿಯೂ ನಕ್ಕಳು, ಆಮೇಲೆ ಯಾಕೋ ಕಣ್ಣು ಒರೆಸಿಕೊಂಡಳು.

ಸೋಮವಾರ ಗೌತಮಿ ತಂದ ಚಾರ್ಟನ್ನು ಮಿಸ್ ಬಿಚ್ಚಿ ಹಿಡಿದರು. ಉದ್ದ ಇದ್ದವರ ಹೆಸರು ಮೇಲೆ, ಗಿಡ್ಡ ಇದ್ದವರದು ಕೆಳಗೆ. ಹುಡುಗಿಯರ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ನಿಸರ್ಗ, ಅವಳ ಹೆಸರಿನ ಎದುರು ಎತ್ತರದ ಚೌಕ ಖಾಲಿ. ಎರಡನೆಯದು ಗೌತಮಿ.

"ಎತ್ತರಾನೇ ಗೊತ್ತಿಲ್ಲ, ಇವಳನ್ನ ಯಾಕೆ ಮೇಲೆ ಬರೆದೆ?" ಎಂದು ಮಿಸ್ ಕೇಳಿದರು.

"ಅವಳು ಬಂದ್ಮೇಲೆ ಅಳೀರಿ ಮಿಸ್," ಎಂದಳು ಗೌತಮಿ, "ಅಲ್ಲಿಗೇ ಬರ್ತಾಳೆ."